ಹೊರಗೆ ಸುಮ್ಮನಿದ್ದು ಒಳಗೆ ಬಂದ ಕೂಡಲೇ ಮಾಡುವ ನಾಯಿಮರಿ: ಎಲ್ಲಿ ತಪ್ಪುತ್ತಿದೆ?

ಒದ್ದೆ_ಚಾಪೆ
ಹನ್ನೊಂದು ವಾರದ ಗಂಡು ಮರಿ, ತೂಕ 5 ಕೆ.ಜಿ. ದಿನಕ್ಕೆ ಆರು ಸಲ ಹೊರಗೆ ಕರೆದುಕೊಂಡು ಹೋಗುತ್ತಿದ್ದೇವೆ. ಇಪ್ಪತ್ತು ನಿಮಿಷ ಹುಲ್ಲು ಮೂಸುತ್ತದೆ, ಒಣಗಿದ ಎಲೆ ಕಚ್ಚುತ್ತದೆ, ಒಂದಕ್ಕೂ ಇಲ್ಲ, ಎರಡಕ್ಕೂ ಇಲ್ಲ. ಒಳಗೆ ಬಂದು ಎರಡು ನಿಮಿಷ ಆಗಿರುವುದಿಲ್ಲ, ಹಾಲ್‌ನ ಚಾಪೆ ಮೇಲೆ ಕೂತುಬಿಡುತ್ತದೆ. ಗದರಿದ ಮೇಲೆ ಈಗ ಸೋಫಾ ಹಿಂದೆ ಹೋಗಿ ಮಾಡುತ್ತಿದೆ. ದಿನಕ್ಕೆ ನಾಲ್ಕೈದು ಸಲ ನೆಲ ಒರೆಸುವುದೇ ಕೆಲಸ. ಹಟಕ್ಕೆ ಮಾಡುತ್ತಿದೆಯೇ?

ಕಿವಿಮಾತು
ಹಟ ಅನ್ನುವ ಮಾತನ್ನು ಮೊದಲು ಪಕ್ಕಕ್ಕಿಡಿ. ಹಟ ಸಾಧಿಸುವಷ್ಟು ಹಿಡಿತ ಆ ವಯಸ್ಸಿನ ಸ್ನಾಯುಗಳಿಗೆ ಇನ್ನೂ ಬಂದಿರುವುದಿಲ್ಲ. ನೀವು ಬರೆದಿದ್ದರಲ್ಲೇ ಮೂರು ಕಾರಣ ಕಾಣುತ್ತಿವೆ.

ಮೊದಲನೆಯದು, ಆರು ಸಲ ಸಾಲದು. ನಿದ್ದೆಯಿಂದ ಎದ್ದ ಕೂಡಲೇ, ತಿಂದ 5ರಿಂದ 30 ನಿಮಿಷದೊಳಗೆ, ನೀರು ಕುಡಿದ ಹತ್ತು ಹದಿನೈದು ನಿಮಿಷಕ್ಕೆ, ಆಟದ ನಡುವೆ ಪ್ರತಿ 20–25 ನಿಮಿಷಕ್ಕೆ, ಮಲಗಿಸುವ ಮುಂಚೆ. ಇಷ್ಟನ್ನೂ ಕೂಡಿದರೆ ಹನ್ನೆರಡರಿಂದ ಹದಿನೈದು ಸಲ ಆಗುತ್ತದೆ. ಈ ವಯಸ್ಸಿಗೆ ಅದೇ ಸರಿಯಾದ ಲೆಕ್ಕ.

ಎರಡನೆಯದು, ಹೊರಗಿನ ಇಪ್ಪತ್ತು ನಿಮಿಷ ಮರಿಯ ಪಾಲಿಗೆ ಜಾತ್ರೆ. ನೋಡಲು, ಮೂಸಲು, ಅಗೆಯಲು ನೂರೆಂಟು. ತನಗೆ ಒತ್ತಡ ಇದೆ ಅನ್ನುವುದೇ ಮರೆತುಹೋಗುತ್ತದೆ. ಒಳಗೆ ಬಂದು ಗದ್ದಲ ನಿಂತಾಗ ನೆನಪಾಗುತ್ತದೆ.

ಮೂರನೆಯದು ಗದರಿದ್ದು. ಮರಿ ಅದರಿಂದ ಕಲಿತಿದ್ದು "ಒಳಗೆ ಮಾಡಬಾರದು" ಅಂತಲ್ಲ, "ಇವರ ಕಣ್ಣೆದುರು ಮಾಡಬಾರದು" ಅಂತ. ಹಾಗಾಗಿ ಸೋಫಾ ಹಿಂದೆ. ಹೊರಗೆ ಬೆಲ್ಟಿನ ಇನ್ನೊಂದು ತುದಿಯಲ್ಲಿ ನೀವೇ ನಿಂತಿರುತ್ತೀರಿ, ಅಲ್ಲೂ ಮಾಡುವುದಿಲ್ಲ. ನಿಮ್ಮ ಸಮಸ್ಯೆಯ ಅರ್ಧಭಾಗ ಇದೇ ಇದ್ದೀತು.

ನಾಳೆಯಿಂದ ಹೀಗೆ ಮಾಡಿ. ಮರಿಯನ್ನು ನಡೆಸಿಕೊಂಡು ಹೋಗಬೇಡಿ, ಎತ್ತಿಕೊಂಡು ಹೋಗಿ. ಮಲಗಿದ ಜಾಗದಿಂದ ಬಾಗಿಲಿನವರೆಗಿನ ಆ ಹತ್ತು ಹೆಜ್ಜೆಯಲ್ಲೇ ಅರ್ಧದಷ್ಟು ಅಪಘಾತ (ಒಳಗೇ ಮಾಡಿಬಿಡುವುದು) ಆಗುವುದು. ಒಂದೂವರೆಯಿಂದ ಎರಡು ಮೀಟರ್ ಬೆಲ್ಟು ಹಾಕಿ, ದಿನವೂ ಅದೇ ಜಾಗದಲ್ಲಿ ಇಳಿಸಿ, ಕಂಬದ ಹಾಗೆ ನಿಂತುಬಿಡಿ. ಮಾತಿಲ್ಲ, ಆಟವಿಲ್ಲ, ಮೊಬೈಲ್ ನೋಡುತ್ತಾ ಅಡ್ಡಾಡುವುದಿಲ್ಲ. ಬೆಲ್ಟಿನ ಸುತ್ತಳತೆಯಲ್ಲಿ ಮೂಸಲಿ. ಐದಾರು ನಿಮಿಷ ಕೊಡಿ. ಮಾಡಿದರೆ, ಪೂರ್ತಿ ಮುಗಿಯುವವರೆಗೂ ತುಟಿ ಬಿಚ್ಚಬೇಡಿ. ನಡುವೆ "ಭೇಷ್" ಅಂದರೆ ಅರ್ಧಕ್ಕೆ ನಿಲ್ಲಿಸಿ ನಿಮ್ಮತ್ತ ಓಡಿಬರುತ್ತದೆ, ಉಳಿದರ್ಧ ಚಾಪೆಗೆ. ಮುಗಿದ ಎರಡು ಸೆಕೆಂಡಿನೊಳಗೆ ಬಟಾಣಿ ಗಾತ್ರದ ತಿನಿಸು, ಒಂದಾದ ಮೇಲೊಂದು ಮೂರು. ತಿನಿಸು ನಿಮ್ಮ ಜೇಬಿನಲ್ಲೇ ಇರಬೇಕು. ಅಡುಗೆಮನೆಗೆ ಬಂದು ಕೊಟ್ಟರೆ ಅದು ಒಳಗೆ ಬಂದಿದ್ದಕ್ಕೆ ಸಿಕ್ಕ ಬಹುಮಾನ ಆಗುತ್ತದೆ. ಆಮೇಲೆ ಐದು ನಿಮಿಷ ಅಲ್ಲೇ ಆಟ. ಮಾಡಿದ ಕೂಡಲೇ ಒಳಗೆ ಎಳೆದುಕೊಂಡು ಬಂದರೆ "ಮಾಡಿದರೆ ಮಜಾ ಮುಗಿಯಿತು" ಅಂತ ಲೆಕ್ಕ ಹಾಕುವ ಮರಿಗಳಿವೆ.

ಮಾಡದಿದ್ದರೆ? ಒಳಗೆ ತನ್ನಿ, ಆದರೆ ನೆಲಕ್ಕೆ ಬಿಡಬೇಡಿ. ಕ್ರೇಟಿಗೆ (ಮರಿ ಮಲಗುವ ಪುಟ್ಟ ಪಂಜರ) ಹಾಕಿ, ಇಲ್ಲವೇ ಬೆಲ್ಟನ್ನು ನಿಮ್ಮ ಸೊಂಟಕ್ಕೆ ಕಟ್ಟಿಕೊಳ್ಳಿ, ಚಿಕ್ಕ ಮರಿಯಾದರೆ ತೊಡೆ ಮೇಲೆ ಇಟ್ಟುಕೊಳ್ಳಿ. ಹತ್ತು ಹದಿನೈದು ನಿಮಿಷ ಬಿಟ್ಟು ಮತ್ತೆ ಅದೇ ಜಾಗ. ಸಾಮಾನ್ಯವಾಗಿ ಎರಡನೇ ಅಥವಾ ಮೂರನೇ ಸುತ್ತಿಗೆ ಮಾಡುತ್ತದೆ. ನಿಮ್ಮಲ್ಲಿ ಈಗ ಇಲ್ಲದೇ ಇರುವುದು ಈ ನಡುವಿನ ಹತ್ತು ನಿಮಿಷ, ಬೇರೇನಲ್ಲ.

ಹಳೇ_ತಲೆ
ಇಷ್ಟೆಲ್ಲ ಯಾಕೆ? ಮಾಡಿದ ಜಾಗಕ್ಕೆ ಎಳೆದುಕೊಂಡು ಹೋಗಿ ಮೂಗು ಒತ್ತಿ ಎರಡೇಟು ಕೊಟ್ಟರೆ ಕಲಿಯುತ್ತದೆ. ತಪ್ಪು ಮಾಡಿದ್ದೇನೆ ಅಂತ ಅದಕ್ಕೆ ಗೊತ್ತು, ಮುಖ ನೋಡಿದರೇ ತಿಳಿಯುತ್ತದೆ.

ಪಂಜದ_ಗುರುತು
ನಾನು ಪಶುವೈದ್ಯ. ಆ "ತಪ್ಪಿತಸ್ಥ ಮುಖ"ವನ್ನು ಪರೀಕ್ಷಿಸಿಯೇ ನೋಡಿದ್ದಾರೆ. ನಾಯಿಗಳ ವರ್ತನೆಯ ಸಂಶೋಧಕಿ ಅಲೆಕ್ಸಾಂಡ್ರಾ ಹೊರೊವಿಟ್ಜ್ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ 14 ಸಾಕುನಾಯಿಗಳಿದ್ದವು. ಮುಂದಿಟ್ಟ ತಿನಿಸನ್ನು ತಿನ್ನಬೇಡ ಎಂದು ಹೇಳಿ ಯಜಮಾನರು ಕೋಣೆಯಿಂದ ಆಚೆ ಹೋಗುತ್ತಿದ್ದರು. ನಾಯಿ ತಿಂದಿದೆಯೋ ಇಲ್ಲವೋ ಅನ್ನುವುದನ್ನು ಅವರಿಗೆ ಕೆಲವು ಸಲ ನಿಜ ಹೇಳುತ್ತಿದ್ದರು, ಕೆಲವು ಸಲ ಸುಳ್ಳು. ನಾಯಿ ಕಿವಿ ಮಡಚಿ, ಕಣ್ಣು ತಪ್ಪಿಸಿ ನಿಂತದ್ದು ತಿಂದಾಗ ಅಲ್ಲ, ಬೈಸಿಕೊಂಡಾಗ. ತಿನ್ನದೇ ಬೈಸಿಕೊಂಡ ನಾಯಿಗಳಲ್ಲೇ ಆ ಮುಖ ಹೆಚ್ಚು ಎದ್ದು ಕಂಡಿತು. ಅಂದರೆ ಅದು ನಿಮ್ಮ ಮುಖ ಓದಿ ಮಾಡುವ ಶಾಂತಿ ಸಂಧಾನ, ತಪ್ಪೊಪ್ಪಿಗೆ ಅಲ್ಲ.

ಮೂಗು ಒತ್ತಿದ ಮರಿಗಳಲ್ಲಿ ಇನ್ನೆರಡು ತೊಂದರೆ ಬರುತ್ತವೆ. ಕರೆದರೆ ಹತ್ತಿರ ಬರುವುದಿಲ್ಲ. ಮತ್ತೆ ಕೆಲವು, ಸಾಕ್ಷಿ ಅಳಿಸುವವರ ಹಾಗೆ, ತಮ್ಮ ಮಲ ತಾವೇ ತಿನ್ನಲು ಶುರುಮಾಡುತ್ತವೆ.

ಕಣ್ಣೆದುರೇ ಮಾಡುತ್ತಿದ್ದರೆ ಒಂದು ಚಪ್ಪಾಳೆ ಸಾಕು, ಅದೂ ಬೆಚ್ಚಿಬೀಳುವಷ್ಟಲ್ಲ, ತಿರುಗಿ ನೋಡುವಷ್ಟು. ತಕ್ಷಣ ಎತ್ತಿಕೊಂಡು ಹೊರಗೆ. ಅಲ್ಲಿ ಎರಡು ಹನಿ ಹಾಕಿದರೂ ತಿನಿಸು ಕೊಡಿ. ಮಾಡಿ ಮುಗಿಸಿದ ಮೇಲೆ ಕಂಡಿತೇ? ಬಟ್ಟೆ ತಂದು ಒರೆಸಿ. ಅಷ್ಟೇ.

ಒದ್ದೆ_ಚಾಪೆ
ಗದರುವುದು ಇವತ್ತಿಗೆ ನಿಲ್ಲಿಸಿದೆವು. ಒಂದು ಅನುಮಾನ. ಚಾಪೆಯನ್ನು ದಿನವೂ ಫಿನೈಲ್ ಹಾಕಿ ಉಜ್ಜುತ್ತೇವೆ. ನಮಗೆ ಏನೂ ವಾಸನೆ ಬರುವುದಿಲ್ಲ. ಆದರೂ ಅದೇ ಜಾಗಕ್ಕೆ ಯಾಕೆ ಹೋಗುತ್ತದೆ?

ಸೋಪಿನ_ನೊರೆ
ಇದು ನನ್ನ ಇಲಾಖೆ, ಸ್ವಲ್ಪ ಉದ್ದ ಬರೆಯುತ್ತೇನೆ.

ಫಿನೈಲ್ ವಾಸನೆಯನ್ನು ತೆಗೆಯುವುದಿಲ್ಲ, ಮುಚ್ಚುತ್ತದೆ. ನಮ್ಮ ಮೂಗಿಗೆ ಮೇಲಿನದು ಮಾತ್ರ ಸಿಗುತ್ತದೆ, ಮರಿಯ ಮೂಗು ಅಡಿಯಲ್ಲಿರುವುದನ್ನೂ ಬೇರ್ಪಡಿಸಿ ಹಿಡಿಯುತ್ತದೆ. ಜೊತೆಗೆ ನೆಲ ನೆಕ್ಕುವ, ಪಾದ ನೆಕ್ಕಿಕೊಳ್ಳುವ ಮರಿ ಇರುವ ಮನೆಯಲ್ಲಿ ಫಿನೈಲ್ ಒಳ್ಳೆಯದೂ ಅಲ್ಲ.

ಉಚ್ಚೆಯಲ್ಲಿ ನೀರು ಬಿಟ್ಟರೆ ಮುಖ್ಯವಾಗಿ ಯೂರಿಯಾ ಇರುತ್ತದೆ. ಅದು ಹೊಸದಾಗಿದ್ದಾಗ ಅಷ್ಟೇನೂ ನಾರುವುದಿಲ್ಲ. ಬ್ಯಾಕ್ಟೀರಿಯಾಗಳು ಯೂರಿಯಾವನ್ನು ಒಡೆದು ಅಮೋನಿಯಾ ಮಾಡುತ್ತವೆ, ಆಗ ಮೂಗಿಗೆ ಹೊಡೆಯುತ್ತದೆ. ಹಾಗಾಗಿ ಮೊದಲ ಹತ್ತು ನಿಮಿಷದಲ್ಲಿ ಎಷ್ಟು ಹೀರಿ ತೆಗೆಯುತ್ತೀರೋ ಅಷ್ಟು ಕೆಲಸ ಕಡಿಮೆ. ಅಮೋನಿಯಾ ಸೇರಿದ ಕ್ಲೀನರ್ ಹಾಕಿದರಂತೂ "ಇಲ್ಲೇ ಮಾಡು" ಅಂತ ಬೋರ್ಡು ಹಾಕಿದಂತೆ. (ಯೂರಿಕ್ ಆಸಿಡ್ ಹರಳಿನಿಂದ ವಾಸನೆ ಅಂತ ಎಲ್ಲ ಬಾಟಲಿ ಮೇಲೂ ಬರೆದಿರುತ್ತದೆ. ಅದು ಬೆಕ್ಕಿಗೂ ನಾಯಿಗೂ ಒಂದೇ ಲೇಬಲ್ ಅಂಟಿಸುವವರ ಮಾತು. ಹೆಚ್ಚಿನ ನಾಯಿಗಳ ದೇಹ ಯೂರಿಕ್ ಆಸಿಡನ್ನು ನೀರಲ್ಲಿ ಸುಲಭವಾಗಿ ಕರಗುವ ಅಲಾಂಟಾಯಿನ್ ಆಗಿ ಬದಲಿಸುತ್ತದೆ. ಡಾಲ್ಮೇಷಿಯನ್ ತಳಿ ಅದಕ್ಕೆ ಹೆಸರಾದ ಅಪವಾದ.)

ಚಾಪೆ, ಕಾರ್ಪೆಟ್, ಹಾಸಿಗೆಗೆ ಕ್ರಮ ಇದು. ಒಣ ಬಟ್ಟೆ ಅಥವಾ ಹಳೆ ಟವೆಲ್ ಮಡಚಿ ಇಟ್ಟು ಮೇಲೆ ಕಾಲಿಟ್ಟು ನಿಲ್ಲಿ. ಉಜ್ಜಬೇಡಿ, ಉಜ್ಜಿದರೆ ಆಳಕ್ಕೂ ಅಗಲಕ್ಕೂ ಹರಡುತ್ತದೆ. ಬಟ್ಟೆ ಒಣಗಿಯೇ ಎದ್ದು ಬರುವವರೆಗೆ ಮಡಿಕೆ ಬದಲಿಸುತ್ತಾ ಒತ್ತಿ. ತಣ್ಣೀರು ಚಿಮುಕಿಸಿ ಇನ್ನೊಮ್ಮೆ ಒತ್ತಿ. ಬಿಸಿನೀರು, ಸ್ಟೀಮ್ ಎರಡೂ ಬೇಡ, ಬಿಸಿಗೆ ಕಲೆ ಮತ್ತು ವಾಸನೆ ನೂಲಿಗೆ ಕಚ್ಚಿಕೊಳ್ಳುತ್ತವೆ. ಆಮೇಲೆ ಎಂಜೈಮ್ ಕ್ಲೀನರ್, ಅಂದರೆ ವಾಸನೆಯ ಮೂಲವನ್ನೇ ಒಡೆದುಹಾಕುವ ದ್ರಾವಣ.

ಎಂಜೈಮ್ ಕ್ಲೀನರ್ ಬಗ್ಗೆ "ಹಾಕಿದೆ, ಪ್ರಯೋಜನ ಆಗಲಿಲ್ಲ" ಅನ್ನುವವರು ಬಹಳ. ತಪ್ಪು ಮೂರು ಕಡೆ ಆಗುತ್ತದೆ. ಮೇಲೆ ಎರಡು ಸಲ ಸ್ಪ್ರೇ ಮಾಡಿ ಒರೆಸಿಬಿಡುತ್ತಾರೆ. ಉಚ್ಚೆ ಎಷ್ಟು ಆಳ ಇಳಿದಿದೆಯೋ ದ್ರಾವಣವೂ ಅಷ್ಟೇ ಆಳ ಇಳಿಯಬೇಕು, ಕಲೆಯ ಅಂಚಿನಿಂದ ನಾಲ್ಕು ಬೆರಳು ಆಚೆವರೆಗೂ ತೊಯ್ಯಿಸಬೇಕು. ಎರಡನೆಯದು, ಒಣಗಿದರೆ ಅದರ ಕೆಲಸ ನಿಂತುಹೋಗುತ್ತದೆ. ಹೊಸ ಕಲೆಗೆ ಹದಿನೈದು ನಿಮಿಷ, ಹಳೆಯದಕ್ಕೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ರಾತ್ರಿಯಿಡೀ ಹಸಿಯಾಗಿಡಿ. ಮೂರನೆಯದು ನಿಮ್ಮದೇ ಕೇಸು: ಮೊದಲೇ ಫಿನೈಲ್ ಅಥವಾ ಬ್ಲೀಚ್ ಹಾಕಿದ ಜಾಗದಲ್ಲಿ ಎಂಜೈಮೂ ಅದರ ಜೊತೆಗಿರುವ ಬ್ಯಾಕ್ಟೀರಿಯಾವೂ ಕೆಲಸ ಮಾಡುವ ಮುಂಚೆಯೇ ಸಾಯುತ್ತವೆ. ಚಾಪೆಯನ್ನು ಬರೀ ನೀರಲ್ಲಿ ಎರಡು ಮೂರು ಸಲ ಜಾಲಿಸಿ, ಆಮೇಲೆ ಶುರುಮಾಡಿ. ನಿಜ ಹೇಳಬೇಕೆಂದರೆ, ಮರಿ ಕಲಿಯುವವರೆಗೆ ಆ ಚಾಪೆಯನ್ನೇ ಸುತ್ತಿ ಅಟ್ಟಕ್ಕೆ ಹಾಕುವುದು ಲೇಸು.

ಎಂಜೈಮ್ ಸಿಗದಿದ್ದರೆ: ಒತ್ತಿ ಹೀರಿದ ಮೇಲೆ ಬಿಳಿ ವಿನೆಗರ್ ಮತ್ತು ನೀರು ಸಮಸಮ. ಐದು ನಿಮಿಷ ಬಿಟ್ಟು ಮತ್ತೆ ಒತ್ತಿ ತೆಗೆಯಿರಿ. ಇದು ಅಮೋನಿಯಾವನ್ನು ತಟಸ್ಥ ಮಾಡುತ್ತದೆ, ಉಳಿದದ್ದಕ್ಕೆ ಅಷ್ಟಕ್ಕಷ್ಟೇ. ಅಮೃತಶಿಲೆ, ಸುಣ್ಣಕಲ್ಲಿನ ನೆಲಕ್ಕೆ ವಿನೆಗರ್ ಮುಟ್ಟಿಸಬೇಡಿ, ಹೊಳಪು ತಿಂದುಹಾಕುತ್ತದೆ. ಹಳೆ ಕಲೆಗೆ ಅಡುಗೆ ಸೋಡಾ ಉದುರಿಸಿ, 3% ಹೈಡ್ರೋಜನ್ ಪೆರಾಕ್ಸೈಡ್ ಒಂದು ಲೋಟಕ್ಕೆ ಪಾತ್ರೆ ತೊಳೆಯುವ ದ್ರವ ಕಾಲು ಚಮಚ ಬೆರೆಸಿ ಸುರಿದು, ಒಣಗಿದ ಮೇಲೆ ಗುಡಿಸಿ. ಬಣ್ಣ ಹೋಗುವ ಸಾಧ್ಯತೆ ಇದೆ, ಮೂಲೆಯಲ್ಲಿ ಮೊದಲು ಪರೀಕ್ಷಿಸಿ. ಉಳಿದ ಮಿಶ್ರಣವನ್ನು ಮುಚ್ಚಳ ಬಿಗಿದು ಇಡಬೇಡಿ, ಗ್ಯಾಸ್ ತುಂಬಿ ಬಾಟಲಿ ಸಿಡಿಯುತ್ತದೆ.

ಉಚ್ಚೆ ಮೇಲೆ ಬ್ಲೀಚ್ ಸುರಿಯಬಾರದು. ಅಮೋನಿಯಾ ಜೊತೆ ಸೇರಿ ಕ್ಲೋರಮೈನ್ ಎಂಬ ವಿಷಾನಿಲ ಏಳುತ್ತದೆ. ಕಿಟಕಿ ಮುಚ್ಚಿದ ಬಚ್ಚಲಲ್ಲಂತೂ ಬೇಡವೇ ಬೇಡ.

ಸೋಫಾ ಹಿಂದೆ ಎಲ್ಲೆಲ್ಲಿ ಮಾಡಿದೆ ಅಂತ ಹುಡುಕಲು ಅಲ್ಟ್ರಾವಯಲೆಟ್ ಟಾರ್ಚ್ ಬಳಸಿ, 365ರಿಂದ 395 ನ್ಯಾನೋಮೀಟರಿನದು. ರಾತ್ರಿ ದೀಪ ಆರಿಸಿ ನೆಲಕ್ಕೆ ಓರೆಯಾಗಿ ಹಿಡಿದರೆ ಕಲೆ ಮಂಕು ಹಳದಿಯಾಗಿ ಹೊಳೆಯುತ್ತದೆ. ಡಿಟರ್ಜೆಂಟ್ ಕೂಡ ಹೊಳೆಯುತ್ತದೆ, ನೀಲಿಯಾಗಿ. ಗುರುತಿಗೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿಕೊಳ್ಳಿ. ಟೈಲ್ಸ್ ನೆಲದವರು ಟೈಲ್ ನಡುವಿನ ಸಂದಿ ನೋಡಿ, ಟೈಲ್ ಹೀರುವುದಿಲ್ಲ, ಸಂದಿಯ ಸಿಮೆಂಟ್ ಹೀರುತ್ತದೆ.

ರಾತ್ರಿಪಾಳಿ
ರಾತ್ರಿಯ ಲೆಕ್ಕ ಯಾರೂ ಬರೆದಿಲ್ಲ. ಮರಿಗೆ ಎಷ್ಟು ತಿಂಗಳೋ ಅದಕ್ಕೊಂದು ಕೂಡಿಸಿದರೆ ಅಷ್ಟು ಗಂಟೆ ಹಿಡಿದುಕೊಳ್ಳುತ್ತದೆ ಅನ್ನುತ್ತಾರಲ್ಲ, ರಾತ್ರಿಗೂ ಅದೇನಾ?

ಪಂಜದ_ಗುರುತು
ಆ ಸೂತ್ರ ಗರಿಷ್ಠ ಮಿತಿ, ಗುರಿ ಅಲ್ಲ. ಎರಡೂವರೆ ತಿಂಗಳ ಮರಿಗೆ ಮೂರೂವರೆ ಗಂಟೆ ಅಂದರೆ ಸುಮ್ಮನೆ ಮಲಗಿದ್ದರೆ ಮಾತ್ರ. ಎದ್ದು ಕುಣಿಯುವಾಗ ಅರ್ಧ ಗಂಟೆಯೂ ನಿಲ್ಲದು. ನಿದ್ದೆಯಲ್ಲಿ ಮೂತ್ರ ತಯಾರಾಗುವುದೇ ಕಡಿಮೆ, ಹಾಗಾಗಿ ರಾತ್ರಿ ಇದೇ ಮರಿ ನಾಲ್ಕೈದು ಗಂಟೆ ತಡೆಯಬಹುದು. ನಾಲ್ಕು ತಿಂಗಳ ಹೊತ್ತಿಗೆ ಬಹಳಷ್ಟು ಮರಿಗಳು ಆರೇಳು ಗಂಟೆ ಮಲಗುತ್ತವೆ. ಪುಟ್ಟ ತಳಿಗಳದ್ದು ತಡ, ಮೂತ್ರಚೀಲವೇ ಚಿಕ್ಕದು.

ಕೊನೆಯ ಊಟ ಮಲಗುವ ಮೂರು ಗಂಟೆ ಮೊದಲು. ನೀರಿನ ಬಟ್ಟಲು ಎರಡು ಗಂಟೆ ಮೊದಲು ಎತ್ತಿಡಿ. ಸೆಕೆ ಜೋರಿದ್ದರೆ, ಭೇದಿ ಇದ್ದರೆ ಎತ್ತಬೇಡಿ. ಹಗಲಲ್ಲಿ ನೀರು ಕಡಿಮೆ ಮಾಡುವುದು ದೊಡ್ಡ ತಪ್ಪು: ಬಟ್ಟಲು ಸಿಕ್ಕಾಗ ಮರಿ ಗಟಗಟ ಕುಡಿಯುತ್ತದೆ, ಒಮ್ಮೆಲೇ ಸುರಿಸುತ್ತದೆ.

ಕ್ರೇಟ್ ನಿಮ್ಮ ಮಂಚದ ಪಕ್ಕದಲ್ಲಿರಲಿ, ಹೊರಳಾಟ ಕಿವಿಗೆ ಬೀಳಬೇಕು. ಮರಿ ಸಾಮಾನ್ಯವಾಗಿ ಎರಡೂವರೆಗೆ ಕುಂಯ್‌ಗುಟ್ಟುತ್ತದೆ ಅಂದುಕೊಳ್ಳಿ, ಅಲಾರಂ ಎರಡು ಗಂಟೆಗೆ ಇಡಿ. ಅದು ಕೂಗುವ ಮೊದಲೇ ನೀವೇ ಎಬ್ಬಿಸಬೇಕು, ಕೂಗಿದರೆ ಜನ ಬರುತ್ತಾರೆ ಅನ್ನುವ ಪಾಠ ಆಗಬಾರದು. ದೊಡ್ಡ ದೀಪ ಹಾಕಬೇಡಿ, ಮಾತಾಡಿಸಬೇಡಿ. ಹೊರಗೆ, ಕೆಲಸ, ಒಂದು ತಿನಿಸು, ವಾಪಸ್ ಕ್ರೇಟು. ಮೂರು ರಾತ್ರಿ ಒಣಗಿದ್ದರೆ ಅಲಾರಂ ಹದಿನೈದು ನಿಮಿಷ ಮುಂದಕ್ಕೆ. ಅಲಾರಮ್ಮಿಗೆ ಮುಂಚೆಯೇ ಅತ್ತರೆ ನಿರ್ಲಕ್ಷಿಸಬೇಡಿ, ಕರೆದುಕೊಂಡು ಹೋಗಿ. ಮೂರು ನಿಮಿಷದಲ್ಲಿ ಮಾಡದಿದ್ದರೆ ಸುಮ್ಮನೆ ವಾಪಸ್.

ಬಾಲಂಗೋಚಿ
ಎಲ್ಲರೂ "ಹೊರಗೆ, ಹೊರಗೆ" ಅನ್ನುತ್ತಿದ್ದೀರಿ. ಒಂಬತ್ತನೇ ಮಹಡಿಯವರು ಲಿಫ್ಟಿಗೆ ಕಾಯುವಷ್ಟರಲ್ಲಿ ಕಥೆ ಮುಗಿದಿರುತ್ತದೆ. ಮೇಲಾಗಿ ಲಸಿಕೆ ಮುಗಿಯದ ಮರಿಯನ್ನು ರಸ್ತೆಗೆ ಇಳಿಸಬಾರದು. ಒಳಗೇ ಹಾಸುವ, ಉಚ್ಚೆ ಹೀರುವ ಪ್ಯಾಡ್ ಬಳಸಿ ಅನ್ನುವುದಕ್ಕೆ ಯಾಕೆ ಸಂಕೋಚ?

ಕಿವಿಮಾತು
ಸಂಕೋಚ ಏನಿಲ್ಲ, ಆದರೆ ಅದಕ್ಕೆ ಬೆಲೆ ತೆರಬೇಕು. ಏಳೆಂಟು ವಾರ ದಾಟಿದ ಮೇಲೆ ಮರಿಗೆ ಕಾಲಡಿಯ ಸ್ಪರ್ಶದ ಒಲವು ಗಟ್ಟಿಯಾಗುತ್ತಾ ಹೋಗುತ್ತದೆ. ಮೆತ್ತನೆ, ಹೀರಿಕೊಳ್ಳುವ, ಚೌಕದ ಬಟ್ಟೆ ಮೇಲೆ ಮಾಡಬಹುದು ಅಂತ ಪ್ಯಾಡ್ ಕಲಿಸುತ್ತದೆ. ಕಾಲೊರಸು, ಬಚ್ಚಲ ಮ್ಯಾಟು, ನೆಲಕ್ಕೆ ಬಿದ್ದ ಟವೆಲ್ ಎಲ್ಲವೂ ಅದಕ್ಕೆ ಹಾಗೇ ಕಾಣುತ್ತವೆ. ಒಂದನ್ನು ಕಲಿಸಿ ಆಮೇಲೆ ಅಳಿಸಿ ಇನ್ನೊಂದು ಕಲಿಸುವುದು ಎರಡು ಪಟ್ಟು ಕೆಲಸ.

ಬಾಲಂಗೋಚಿ
ಹಾಗಾದರೆ ಪ್ಯಾಡ್ ಬದಲು ಹುಲ್ಲಿನ ಟ್ರೇ. ಬಾಲ್ಕನಿಯಲ್ಲಿ ಸುಮಾರು ಎರಡಡಿಗೆ ಮೂರಡಿ ಟ್ರೇ, ಒಂದು ಕಡೆಗೆ ಸ್ವಲ್ಪ ಇಳಿಜಾರು, ಕೆಳಗೆ ಸೋರಿದ್ದು ಬೀಳಲು ಡಬ್ಬಿ. ನಿಜವಾದ ಹುಲ್ಲುಹಾಸು ಆದರೆ ಎರಡು ಮೂರು ವಾರಕ್ಕೆ ಹಳದಿಯಾಗುತ್ತದೆ, ಬದಲಿಸಬೇಕು. ಪ್ಲಾಸ್ಟಿಕ್ ಹುಲ್ಲಾದರೆ ದಿನವೂ ತೊಳೆಯಬೇಕು, ಬುಡದಲ್ಲಿ ಉಚ್ಚೆ ನಿಂತರೆ ಮರಿಯೇ ಹತ್ತಿರ ಹೋಗುವುದಿಲ್ಲ. ಗಂಡು ಮರಿ ಮುಂದೆ ಕಾಲೆತ್ತುವುದಕ್ಕೆ ಶುರುಮಾಡಿದಾಗ ಟ್ರೇ ಅಂಚಿನಾಚೆ ಹಾರುತ್ತದೆ, ಆಗ ನಡುವೆ ಒಂದು ಗೂಟ ನಿಲ್ಲಿಸಿದರೆ ಸಾಕು. ಸ್ಪರ್ಶ ಹುಲ್ಲಿನದೇ ಆದ್ದರಿಂದ ಆಮೇಲೆ ನೆಲಕ್ಕೆ ಬದಲಿಸುವುದು ಕಷ್ಟವಲ್ಲ.

ಕಿವಿಮಾತು
ಇದಕ್ಕೆ ನನ್ನ ಒಪ್ಪಿಗೆ ಇದೆ. ಈಗಾಗಲೇ ಪ್ಯಾಡ್ ಕಲಿತ ಮರಿಯಾದರೆ, ಪ್ಯಾಡನ್ನು ದಿನಕ್ಕೆ ಒಂದಡಿಗಿಂತ ಹೆಚ್ಚು ಸರಿಸದೆ ಬಾಗಿಲವರೆಗೆ ತನ್ನಿ, ಆಮೇಲೆ ಹೊಸಿಲಾಚೆ, ಆಮೇಲೆ ಟ್ರೇ ಮೇಲೆ. ಟ್ರೇ ಮೇಲಿಟ್ಟ ಮೇಲೆ ಎರಡು ದಿನಕ್ಕೊಮ್ಮೆ ಪ್ಯಾಡಿನ ಒಂದಂಚು ಕತ್ತರಿಸುತ್ತಾ ಬನ್ನಿ, ಕೊನೆಗೆ ಅಂಗೈಯಷ್ಟು ಉಳಿಯಲಿ. ಒಂದು ಸಲ ತಪ್ಪಿದರೆ ಹಿಂದಿನ ದಿನದ ಜಾಗಕ್ಕೆ ವಾಪಸ್.

ಪಂಜದ_ಗುರುತು
ಲಸಿಕೆಯ ಮಾತು ಬಂದಿದ್ದರಿಂದ: ಮೊದಲ ಡೋಸ್ ಆರರಿಂದ ಎಂಟನೇ ವಾರಕ್ಕೆ, ಆಮೇಲೆ ಎರಡರಿಂದ ನಾಲ್ಕು ವಾರಕ್ಕೊಂದು, ಕೊನೆಯದು ಹದಿನಾರನೇ ವಾರಕ್ಕೆ ಅಥವಾ ಅದಾದ ಮೇಲೆ ಬೀಳಬೇಕು. ಅಲ್ಲಿಯವರೆಗೆ ಬೇರೆ ನಾಯಿಗಳು ಮಲಮೂತ್ರ ಮಾಡುವ ಜಾಗದಲ್ಲಿ ಇಳಿಸಬೇಡಿ. ಮರಿಗಳಿಗೆ ಮಾರಕ ವಾಂತಿಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ಸ್ವಂತ ಅಂಗಳ, ತಾರಸಿ, ಬಾಲ್ಕನಿ ಪರವಾಗಿಲ್ಲ. ಮಲವನ್ನು ಆಗಾಗಲೇ ಎತ್ತಿ. ಜಂತುಹುಳುವಿನ ಮೊಟ್ಟೆ ಹೊಸ ಮಲದಲ್ಲಿ ಅಂಟುವ ಸ್ಥಿತಿಯಲ್ಲಿ ಇರುವುದಿಲ್ಲ, ಮಣ್ಣಲ್ಲಿ ಕೆಲವು ವಾರ ಕಳೆದ ಮೇಲೆ ಅಂಟುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇದನ್ನು ಮರೆಯಬೇಡಿ.

ಒದ್ದೆ_ಚಾಪೆ
ಎಂಟು ದಿನದ ಚೀಟಿ ಇಟ್ಟಿದ್ದೇವೆ. ನಿನ್ನೆ ಬೆಳಗಿನದು ಇಲ್ಲಿ ಹಾಕುತ್ತೇನೆ, ನೋಡಿ ಹೇಳಿ.
6.10 ಎದ್ದಿತು, ಹೊರಗೆ, ಒಂದಕ್ಕೆ
6.30 ಊಟ, ನೀರು
6.50 ಹೊರಗೆ, ಎರಡಕ್ಕೆ
7.00 ಹಾಲ್‌ನಲ್ಲಿ ಆಟ
7.35 ಹಾಲ್, ಒಂದಕ್ಕೆ (ಅಪಘಾತ)
8.00 ನಿದ್ದೆ, ಕ್ರೇಟ್
9.40 ಎದ್ದಿತು, ಹೊರಗೆ, ಒಂದಕ್ಕೆ
10.05 ಅಡುಗೆಮನೆ, ಒಂದಕ್ಕೆ (ಅಪಘಾತ)

ಕಿವಿಮಾತು
ಚೆನ್ನಾಗಿ ಬರೆದಿದ್ದೀರಿ. ಎರಡು ಅಪಘಾತಕ್ಕೂ ಕಾರಣ ಚೀಟಿಯಲ್ಲೇ ಇದೆ.

6.50ಕ್ಕೆ ಎರಡಕ್ಕೆ ಮಾತ್ರ ಆಗಿದೆ, ಒಂದಕ್ಕೆ ಆಗಿಲ್ಲ. ನೀವು "ಆಯಿತು" ಅಂತ ಒಳಗೆ ತಂದಿದ್ದೀರಿ. ಮೂತ್ರಚೀಲ ಕೊನೆಯ ಸಲ ಖಾಲಿಯಾದದ್ದು 6.10ಕ್ಕೆ, ಅದರ ಮೇಲೆ ಊಟದ ನೀರು, ಮೇಲೆ ಮೂವತ್ತೈದು ನಿಮಿಷ ಆಟ. 7.35 ಬರುವುದೇ ಇತ್ತು. ಎರಡಕ್ಕೆ ಆದ ಮೇಲೆ ಇನ್ನೂ ಮೂರು ನಾಲ್ಕು ನಿಮಿಷ ಅಲ್ಲೇ ನಿಲ್ಲಿ. ಆಟವನ್ನು 7.20ಕ್ಕೆ ನಿಲ್ಲಿಸಿ ಎತ್ತಿಕೊಂಡು ಹೋಗಿ.

10.05ರದ್ದು ಬೇರೆ. ಇಪ್ಪತ್ತೈದು ನಿಮಿಷ ಹಿಂದಷ್ಟೇ ಮಾಡಿದೆ. ನಿದ್ದೆಯಿಂದ ಎದ್ದ ಮರಿಗಳು ಬಹಳ ಸಲ ಅರ್ಧ ಮಾಡಿ ಏನನ್ನೋ ನೋಡಿ ಓಡುತ್ತವೆ. ಮೊದಲ ಸಲಕ್ಕೆ ತಿನಿಸು ಕೊಟ್ಟು, ಆರೇಳು ಹೆಜ್ಜೆ ಹಿಂದೆ ಮುಂದೆ ನಡೆಸಿ, ಮತ್ತೆ ಅದೇ ಜಾಗದಲ್ಲಿ ನಿಲ್ಲಿಸಿ. ಎರಡನೇ ಸಲ ಕೂರುವುದನ್ನು ನೀವೇ ನೋಡುತ್ತೀರಿ.

ಚೀಟಿಗೆ ಇನ್ನೊಂದು ಕಾಲಂ ಸೇರಿಸಿ: ಅಪಘಾತಕ್ಕೆ ಅರ್ಧ ನಿಮಿಷ ಮೊದಲು ಮರಿ ಏನು ಮಾಡುತ್ತಿತ್ತು? ಕೆಲವು ಆಟ ತಟ್ಟನೆ ಬಿಟ್ಟು ಮೂಗು ನೆಲಕ್ಕೆ ಹಚ್ಚಿ ಸುತ್ತು ಹಾಕುತ್ತವೆ, ಕೆಲವು ಹಿಂಗಾಲು ಬಿರುಸಾಗಿ ಇಟ್ಟು ಕೋಣೆಯಿಂದ ಆಚೆ ಹೋಗುತ್ತವೆ, ಕೆಲವು ವಿನಾಕಾರಣ ನಿಮ್ಮ ಕೈ ಕಚ್ಚಲು ಶುರುಮಾಡುತ್ತವೆ. ನಿಮ್ಮ ಮರಿಯದ್ದು ಯಾವುದು ಅಂತ ತಿಳಿದರೆ ಗಡಿಯಾರದ ಅವಲಂಬನೆ ಕಡಿಮೆಯಾಗುತ್ತದೆ.

ರಾತ್ರಿಪಾಳಿ
ಕ್ರೇಟಿನೊಳಗೇ ಮಾಡಿಕೊಂಡರೆ?

ಕಿವಿಮಾತು
ಮೊದಲು ಅಳತೆ ನೋಡಿ. ನಿಲ್ಲಲು, ತಿರುಗಲು, ಕಾಲು ಚಾಚಿ ಮಲಗಲು ಆಗಬೇಕು, ಅದಕ್ಕಿಂತ ದೊಡ್ಡದಿದ್ದರೆ ಒಂದು ಮೂಲೆ ಕಕ್ಕಸು, ಇನ್ನೊಂದು ಮೂಲೆ ಮಲಗುವ ಕೋಣೆ ಆಗಿಬಿಡುತ್ತದೆ. ಬೆಳೆಯುವ ತಳಿಗೆ ದೊಡ್ಡ ಕ್ರೇಟ್ ತಂದಿದ್ದರೆ ನಡುವೆ ತಡಿಕೆ ಹಾಕಿ. ಆಮೇಲೆ ಹಾಸು. ದಪ್ಪ ಹಾಸಿಗೆ ಉಚ್ಚೆಯನ್ನು ಹೀರಿಕೊಳ್ಳುವುದರಿಂದ ಮರಿಗೆ ಒದ್ದೆಯ ಕಿರಿಕಿರಿಯೇ ಆಗುವುದಿಲ್ಲ. ಒಂದು ವಾರ ಹಾಸಿಗೆ ತೆಗೆದು ತೆಳು ಬಟ್ಟೆ ಹಾಕಿ, ಅದಕ್ಕೂ ಮಾಡಿದರೆ ಬರೀ ತಳ. ಮೂರನೆಯದು ಹೊತ್ತು: ಹಗಲಲ್ಲಿ ಮೂರು ಗಂಟೆ ಮೀರಿ ಕೂಡಿಹಾಕಿದರೆ ತಪ್ಪು ನಮ್ಮದು.

ಇವೆಲ್ಲ ಸರಿ ಇದ್ದೂ ಮಾಡುತ್ತಿದ್ದರೆ, ಮರಿ ಮೊದಲು ಎಲ್ಲಿತ್ತು ಅಂತ ಯೋಚಿಸಿ. ಮೂರು ವಾರ ದಾಟಿದ ಮರಿಗಳು ತಾವಾಗಿಯೇ ಮಲಗುವ ಜಾಗದಿಂದ ಆಚೆ ತೆವಳಿ ಮಾಡಲು ಶುರುಮಾಡುತ್ತವೆ. ಕೊಳಕು ಪಂಜರದಲ್ಲೇ ಬೆಳೆದ ಮರಿಗೆ ಆ ಅವಕಾಶವೇ ಸಿಕ್ಕಿರುವುದಿಲ್ಲ, ತನ್ನ ಹೊಲಸಲ್ಲೇ ಮಲಗುವುದು ಅಭ್ಯಾಸವಾಗಿರುತ್ತದೆ. ಅಂಥದ್ದಕ್ಕೆ ಕ್ರೇಟ್ ಕೆಲಸ ಮಾಡುವುದಿಲ್ಲ. ಸೊಂಟಕ್ಕೆ ಕಟ್ಟಿದ ಬೆಲ್ಟು, ಗಂಟೆಗೊಮ್ಮೆ ಹೊರಗೆ, ಇದೊಂದೇ ದಾರಿ.

ಹಳೇ_ತಲೆ
ಸರಿ, ಮೂಗು ಒತ್ತುವ ಮಾತು ವಾಪಸ್ ತಗೊಂಡೆ. ಇನ್ನೊಂದು ಕೇಳುತ್ತೇನೆ. ಐದು ತಿಂಗಳ ಹೆಣ್ಣು ಮರಿ, ಹೊರಗೆ ಸರಿಯಾಗಿ ಮಾಡುತ್ತದೆ. ಆದರೆ ಯಾರಾದರೂ ಬಂದು ತಲೆ ಸವರಿದರೆ ಅಲ್ಲೇ ಚಿಮ್ಮಿಸುತ್ತದೆ. ಇದು ಯಾವ ಲೆಕ್ಕ?

ಪಂಜದ_ಗುರುತು
ಇದು ಕಲಿಕೆಯ ಕೊರತೆ ಅಲ್ಲ. ತಗ್ಗಿ, ಕಿವಿ ಹಿಂದಕ್ಕೆ ಮಡಚಿ, ಬಾಲ ಒಳಗೆಳೆದು, ಹೊಟ್ಟೆ ತೋರಿಸುತ್ತಾ ಹನಿಸಿದರೆ ಅದು ಶರಣಾಗತಿ. ಬಾಲ ಅಲ್ಲಾಡಿಸಿ ಕುಣಿಯುತ್ತಾ ಚಿಮ್ಮಿಸಿದರೆ ಬರೀ ಉತ್ಸಾಹ. ಎರಡರಲ್ಲೂ ಮರಿಗೆ ಗೊತ್ತಾಗುವ ಮುಂಚೆ ಆಗಿಹೋಗಿರುತ್ತದೆ. ಬೈದರೆ ಶರಣಾಗತಿ ಇನ್ನಷ್ಟು ಹೆಚ್ಚುತ್ತದೆ.

ಬಂದವರು ಮೊದಲ ಎರಡು ಮೂರು ನಿಮಿಷ ಮರಿಯತ್ತ ನೋಡಲೂ ಬಾರದು. ಆಮೇಲೆ ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂರಲಿ, ಮರಿಯೇ ಹತ್ತಿರ ಬರಲಿ. ಮೇಲಿನಿಂದ ಬಗ್ಗಿ ತಲೆ ಸವರುವ ಬದಲು ಎದೆ, ಗದ್ದದ ಕೆಳಗೆ ಸವರಲಿ. ಸಾಧ್ಯವಾದರೆ ಭೇಟಿಯೇ ಅಂಗಳದಲ್ಲಿ ಆಗಲಿ. ಬಹುತೇಕ ಮರಿಗಳಲ್ಲಿ ಒಂದು ವರ್ಷದ ಹೊತ್ತಿಗೆ ತಾನಾಗಿ ನಿಲ್ಲುತ್ತದೆ.

ಔಷಧಿ ಬೇಕಾಗುವ ಸಂಗತಿಗಳನ್ನೂ ಹೇಳಿಬಿಡುತ್ತೇನೆ. ಹತ್ತು ಹತ್ತು ನಿಮಿಷಕ್ಕೆ ಕೂತು ನಾಲ್ಕು ಹನಿ, ತಿಣುಕುವುದು, ಕೆಂಪು ಬಣ್ಣ, ಮೂತ್ರದ್ವಾರವನ್ನು ಬಿಡದೆ ನೆಕ್ಕುವುದು ಇದ್ದರೆ ಮೂತ್ರದ ಸೋಂಕನ್ನು ನೋಡಬೇಕು. ಹೆಣ್ಣು ಮರಿ ಮಲಗಿದಲ್ಲೆಲ್ಲ ಒದ್ದೆ, ಬಾಲದ ಬುಡ ಸದಾ ತೇವ, ತಂದ ದಿನದಿಂದಲೂ ಹಾಗೇ ಅಂದರೆ ಮೂತ್ರನಾಳ ಚೀಲಕ್ಕೆ ಸೇರುವ ಬದಲು ಬೇರೆಡೆ ತೆರೆದುಕೊಂಡಿರುವ ಹುಟ್ಟುದೋಷ ಇರಬಹುದು. ಅದನ್ನು ಯಾವ ತರಬೇತಿಯೂ ಸರಿಮಾಡದು. ಬಹಳ ಕುಡಿಯುತ್ತದೆ ಅನ್ನಿಸಿದರೆ ಅಳೆಯಿರಿ: ಬೆಳಗ್ಗೆ ಅಳತೆ ಜಗ್ಗಿನಿಂದ ಬಟ್ಟಲಿಗೆ ಹಾಕಿ, ಮರುದಿನ ಅದೇ ಹೊತ್ತಿಗೆ ಉಳಿದದ್ದನ್ನು ಕಳೆಯಿರಿ. ಕೆ.ಜಿ.ಗೆ 100 ಮಿ.ಲೀ. ದಾಟಿದರೆ, ಅಂದರೆ 5 ಕೆ.ಜಿ. ಮರಿ ಅರ್ಧ ಲೀಟರಿಗಿಂತ ಹೆಚ್ಚು ಕುಡಿದರೆ, ತೋರಿಸಿ. ವಾಂತಿಯ ಜೊತೆ ರಕ್ತಭೇದಿ ಆದರೆ ನಾಳೆಯವರೆಗೆ ಕಾಯಬೇಡಿ.

ಪರೀಕ್ಷೆಗೆ ಮೂತ್ರದ ಮಾದರಿ ಹಿಡಿಯಲು ಉದ್ದ ಹಿಡಿಯ ಸೌಟು ಒಳ್ಳೆಯದು, ಬಿಸಿನೀರಲ್ಲಿ ತೊಳೆದು ಒಣಗಿಸಿದ್ದು. ಬೆಳಗಿನ ಮೊದಲ ಸಲದ್ದು, ಧಾರೆ ಶುರುವಾದ ಮೇಲೆ ಹಿಂದಿನಿಂದ ತೂರಿಸಿ. ಎರಡು ಗಂಟೆಯೊಳಗೆ ತಲುಪಿಸಲು ಆಗದಿದ್ದರೆ ಮುಚ್ಚಿ ಫ್ರಿಜ್ಜಿನಲ್ಲಿಡಿ, ಡಬ್ಬಿ ಮೇಲೆ ದೊಡ್ಡದಾಗಿ ಬರೆದು.

ಬಾಲಂಗೋಚಿ
ಅದು ಕೊನೆಯದು ಮುಖ್ಯ :)

ಒದ್ದೆ_ಚಾಪೆ
ಮೂರು ದಿನದಿಂದ ಒಳಗೆ ಒಂದೂ ಇಲ್ಲ. ಇನ್ನು ಮನೆ ಪೂರ್ತಿ ಬಿಡಬಹುದಾ?

ಕಿವಿಮಾತು
ಬೇಡ! ಮೂರು ದಿನ ಒಣಗಿದ್ದು ನಿಮ್ಮ ಕಾವಲು ಚೆನ್ನಾಗಿದ್ದರಿಂದ, ಮರಿ ಕಲಿತದ್ದರಿಂದ ಇನ್ನೂ ಅಲ್ಲ. ನಾಲ್ಕೈದು ತಿಂಗಳಿಗೆ "ಕಲಿತದ್ದನ್ನೆಲ್ಲ ಮರೆತುಬಿಟ್ಟಿತು" ಅನ್ನುವ ದೂರುಗಳಲ್ಲಿ ಹೆಚ್ಚಿನವು ಇಲ್ಲೇ ಹುಟ್ಟುವುದು. ಒಂದೇ ಕೋಣೆ, ನಾಲ್ಕು ವಾರ ಒಂದೂ ಅಪಘಾತ ಇಲ್ಲದೆ. ಆಮೇಲೆ ಇನ್ನೊಂದು ಕೋಣೆ, ಮೊದಲು ಹೊರಗೆ ಖಾಲಿ ಮಾಡಿಸಿ ಹತ್ತು ನಿಮಿಷ, ನಿಮ್ಮ ಕಣ್ಣಳತೆಯಲ್ಲಿ. ಆ ಹೊಸ ಕೋಣೆಯಲ್ಲಿ ಒಂದು ಊಟ ಹಾಕಿ, ಒಂದು ನಿದ್ದೆ ಮಾಡಿಸಿ. ಉಣ್ಣುವ, ಮಲಗುವ ಜಾಗ ಅನ್ನಿಸಿದರೆ ಅಲ್ಲಿ ಮಾಡಲು ಮನಸ್ಸಾಗುವುದಿಲ್ಲ. ಪೂರ್ತಿ ನಂಬಿಕೆಗೆ ಆರು ತಿಂಗಳಿಂದ ವರ್ಷ ಹಿಡಿಯುತ್ತದೆ ಅಂತಿಟ್ಟುಕೊಳ್ಳಿ.

ರಾತ್ರಿಪಾಳಿ
ಬಾಗಿಲಿಗೆ ಗಂಟೆ ಕಟ್ಟಿ ಕಲಿಸುತ್ತಾರಲ್ಲ, ಅದು ಉಪಯೋಗಕ್ಕೆ ಬರುತ್ತದಾ?

ಕಿವಿಮಾತು
ಬರುತ್ತದೆ. ಮರಿಯ ಮೂಗಿನ ಎತ್ತರಕ್ಕೆ ಕಟ್ಟಿ, ಪ್ರತಿ ಸಲ ಹೊರಗೆ ಹೋಗುವಾಗ ಅದರ ಪಂಜದಿಂದ ಒಮ್ಮೆ ಮುಟ್ಟಿಸಿ. ಒಂದೆರಡು ವಾರಕ್ಕೆ ತಾನೇ ಬಾರಿಸುತ್ತದೆ. ಆಮೇಲೆ ಆಟಕ್ಕೆ, ಅಳಿಲಿಗೆ, ಬೇಜಾರಿಗೆ, ಎಲ್ಲಕ್ಕೂ ಬಾರಿಸುತ್ತದೆ. ಬಾರಿಸಿದಾಗಲೆಲ್ಲ ಬೆಲ್ಟು ಹಾಕಿ ಅದೇ ಜಾಗಕ್ಕೆ ಒಯ್ದು, ಮೂರು ನಿಮಿಷ ಕಂಬದ ಹಾಗೆ ನಿಂತು, ಮಾಡದಿದ್ದರೆ ವಾಪಸ್ ತನ್ನಿ. ಆಟಕ್ಕೆ ಹೋಗುವಾಗ ಗಂಟೆ ಇಲ್ಲದ ಬೇರೆ ಬಾಗಿಲು ಬಳಸಿ, ಒಂದೇ ಬಾಗಿಲಿದ್ದರೆ ಆ ಹೊತ್ತಿಗೆ ಗಂಟೆ ಬಿಚ್ಚಿಡಿ.

ಒದ್ದೆ_ಚಾಪೆ
ಮಳೆ ಬಂದರೆ ಅಂಗಳಕ್ಕೆ ಕಾಲೇ ಇಡುವುದಿಲ್ಲ. ಹೊಸಿಲ ಮೇಲೆ ನಿಂತು ನಮ್ಮನ್ನೇ ನೋಡುತ್ತದೆ.

ಬಾಲಂಗೋಚಿ
ಸೂರಿನ ಕೆಳಗೆ ಒಂದು ಒಣ ಜಾಗ ಮಾಡಿ. ಮರಿ ಮಾಮೂಲಾಗಿ ಮಾಡುವ ಜಾಗದ ಎರಡು ಹಿಡಿ ಮಣ್ಣನ್ನೋ ಹುಲ್ಲನ್ನೋ ತಂದು ಅಲ್ಲಿ ಹರಡಿ, ವಾಸನೆ ಗುರುತು ಸಿಗುತ್ತದೆ. ಬಿಸಿಲಿರುವ ದಿನವೇ ನಾಲ್ಕೈದು ಸಲ ಅಲ್ಲಿ ಅಭ್ಯಾಸ ಮಾಡಿಸಿ ಇಟ್ಟುಕೊಳ್ಳಿ. ಛತ್ರಿಯನ್ನು ಮೊದಲು ಮನೆಯೊಳಗೆ ಬಿಚ್ಚಿ ತೋರಿಸಿ, ಇಲ್ಲದಿದ್ದರೆ ಮಳೆಗಿಂತ ಛತ್ರಿಗೇ ಹೆದರುತ್ತದೆ.